ಕರಿಮೂತಿಯೂ ತಣ್ಣಗಾದ ನೀರೊಲೆಯೂ

ಕಾಲು ಮಡಚಿ ಕೂತುಕೊಳ್ಳಿ ಮಕ್ಕಳೇ. ಇದು ಚಳಿಯ ಕಥೆ.

ಒಂದು ಮನೆ. ಮನೆಯ ಹಿಂದೆ ಬಚ್ಚಲು. ಬಚ್ಚಲಲ್ಲಿ ನೀರೊಲೆ. ಒಲೆಯ ಮೇಲೆ ತಾಮ್ರದ ಹಂಡೆ. ಒಲೆಯ ಪಕ್ಕ ಒಂದು ಮೂಲೆ. ಆ ಮೂಲೆ ಯಾವಾಗಲೂ ಬೆಚ್ಚಗೆ. ಅಲ್ಲಿ ಕರಿಮೂತಿ ಅನ್ನೋ ಬೆಕ್ಕು ಮಲಗುತ್ತಿತ್ತು. ಅದರ ಹೊಟ್ಟೆಗೆ ಒತ್ತಿಕೊಂಡು ಅದರ ಒಂದೇ ಒಂದು ಮರಿ ಮಲಗುತ್ತಿತ್ತು.

ಮಾಗಿಯ ಚಳಿ ಬಂತು. ಒಂದು ಬೆಳಗ್ಗೆ ಕರಿಮೂತಿ ಎದ್ದು ನೋಡುತ್ತೆ, ಮೂಲೆ ತಣ್ಣಗೆ. ಮರಿ ಗಡಗಡ ನಡುಗುತ್ತಿದೆ.

"ಮಿಯಾಂವ್" ಅಂತು ಮರಿ.

ಕರಿಮೂತಿ ಒಲೆಯನ್ನು ಕೇಳಿತು. "ಒಲೆ ಒಲೆ, ನನ್ನ ಮರಿಗೆ ಬೆಚ್ಚಗಿಲ್ಲ. ನೀನ್ಯಾಕೆ ಕಾಯಲ್ಲ?"

"ಬೆಂಕಿ ಉರಿಯಲ್ಲ, ನಾನು ಕಾಯಲ್ಲ. ಬೆಂಕೀನ ಕೇಳು," ಅಂತು ಒಲೆ.

ಕರಿಮೂತಿ ಒಲೆಯ ಬಾಯಲ್ಲಿ ಇಣುಕಿತು. ಒಳಗೆ ಬೆಂಕಿ ಕೆಮ್ಮುತ್ತಾ ಕೂತಿತ್ತು.

"ಬೆಂಕಿ ಬೆಂಕಿ, ಒಲೆ ಕಾಯಲ್ಲ, ನನ್ನ ಮರಿಗೆ ಬೆಚ್ಚಗಿಲ್ಲ. ನೀನ್ಯಾಕೆ ಉರಿಯಲ್ಲ?"

"ಉಸಿರು ಕಟ್ಟುತ್ತೆ ಕಣೇ. ಕೆಳಗೆಲ್ಲ ಬೂದಿ. ಗಾಳಿ ಎಲ್ಲಿಂದ ಬರಬೇಕು? ಬೂದಿ ಜಾಗ ಬಿಡಲ್ಲ, ನಾನು ಉರಿಯಲ್ಲ. ಬೂದೀನ ಕೇಳು."

"ಬೂದಿ ಬೂದಿ, ಬೆಂಕಿ ಉರಿಯಲ್ಲ, ಒಲೆ ಕಾಯಲ್ಲ, ನನ್ನ ಮರಿಗೆ ಬೆಚ್ಚಗಿಲ್ಲ. ನೀನ್ಯಾಕೆ ಜಾಗ ಬಿಡಲ್ಲ?"

"ಎದ್ದು ಹೋಗೋಕೆ ನನಗೇನು ಕಾಲಿದೆಯಾ? ಸಲಿಕೆ ನನ್ನ ತೆಗೆಯಲ್ಲ, ನಾನು ಜಾಗ ಬಿಡಲ್ಲ. ಸಲಿಕೇನ ಕೇಳು."

"ಮಿಯಾ" ಅಂತು ಮರಿ. ದನಿ ಸಣ್ಣಗಾಗಿತ್ತು.

ಕರಿಮೂತಿ ಮರಿಯ ಕುತ್ತಿಗೆ ಕಚ್ಚಿಕೊಂಡು ಹೊರಟಿತು. ಬಾಗಿಲ ಸಂದಿಯಲ್ಲಿ ಮೋಟು ಸಲಿಕೆ ಒರಗಿತ್ತು. ಮರಿಯನ್ನು ಕೆಳಗಿಟ್ಟಿತು. ಕೇಳಿತು.

"ಸಲಿಕೆ ಸಲಿಕೆ, ಬೂದಿ ಜಾಗ ಬಿಡಲ್ಲ, ಬೆಂಕಿ ಉರಿಯಲ್ಲ, ಒಲೆ ಕಾಯಲ್ಲ, ನನ್ನ ಮರಿಗೆ ಬೆಚ್ಚಗಿಲ್ಲ. ನೀನ್ಯಾಕೆ ಬೂದಿ ತೆಗೆಯಲ್ಲ?"

"ನೋಡು, ನನ್ನ ಮೇಲೆ ಜೇಡ ಮನೆ ಕಟ್ಟಿದೆ. ಸೊಸೆ ನನ್ನ ಹಿಡಿಯಲ್ಲ, ನಾನು ಬೂದಿ ತೆಗೆಯಲ್ಲ. ಸೊಸೇನ ಕೇಳು."

ಮರಿಯನ್ನು ಕಚ್ಚಿಕೊಂಡಿತು. ಹೊರಟಿತು. ಮನೆಯ ಸೊಸೆ ಸರ್ವಮಂಗಳ ಹೊಗೆಗೆ ಮೂಗು ಮುಚ್ಚಿಕೊಂಡು ನಿಂತಿದ್ದಳು. ಮರಿಯನ್ನು ಕೆಳಗಿಟ್ಟಿತು. ಕೇಳಿತು.

"ಸೊಸೆ ಸೊಸೆ, ಸಲಿಕೆ ಬೂದಿ ತೆಗೆಯಲ್ಲ, ಬೂದಿ ಜಾಗ ಬಿಡಲ್ಲ, ಬೆಂಕಿ ಉರಿಯಲ್ಲ, ಒಲೆ ಕಾಯಲ್ಲ, ನನ್ನ ಮರಿಗೆ ಬೆಚ್ಚಗಿಲ್ಲ. ನೀನ್ಯಾಕೆ ಸಲಿಕೆ ಹಿಡಿಯಲ್ಲ?"

"ನಾನ್ಯಾಕೆ ಹಿಡೀಲಿ? ಒಲೆ ನೋಡ್ಕೊಳ್ಳೋಕೆ ಒಲೆಯವನಿದ್ದಾನೆ. ದೀಪಾವಳಿಗೆ ದೀಪಾವಳಿಗೆ ಬಂದು ಮಾಡ್ತಾನೆ. ಅವನು ಬರಲ್ಲ, ನಾನು ಸಲಿಕೆ ಹಿಡಿಯಲ್ಲ. ಹೋಗು, ಅವನನ್ನೇ ಕೇಳು."

"ಮಿ" ಅಂತು ಮರಿ. ಅಷ್ಟೇ.

ಮರಿಯನ್ನು ಕಚ್ಚಿಕೊಂಡಿತು. ಹೊರಟಿತು. ಒಲೆ ಕಟ್ಟುವ ಚನ್ನಿಗಪ್ಪ ಕೆರೆಗೆ ಹೋಗೋ ದಾರಿಯಲ್ಲಿ ಮಣ್ಣು ತುಳಿಯುತ್ತಿದ್ದ. ಮರಿಯನ್ನು ಕೆಳಗಿಟ್ಟಿತು. ಕೇಳಿತು.

"ಒಲೆಯವನೇ ಒಲೆಯವನೇ, ಸೊಸೆ ಸಲಿಕೆ ಹಿಡಿಯಲ್ಲ, ಸಲಿಕೆ ಬೂದಿ ತೆಗೆಯಲ್ಲ, ಬೂದಿ ಜಾಗ ಬಿಡಲ್ಲ, ಬೆಂಕಿ ಉರಿಯಲ್ಲ, ಒಲೆ ಕಾಯಲ್ಲ, ನನ್ನ ಮರಿಗೆ ಬೆಚ್ಚಗಿಲ್ಲ. ನೀನ್ಯಾಕೆ ಬರಲ್ಲ?"

"ಹಬ್ಬಕ್ಕೆ ಬಂದಿದ್ನಲ್ಲ. ಹೊಗೆ ಕೊಳವೆ ಗುಡಿಸಿದೆ. ಬಿರುಕಿಗೆ ಮಣ್ಣು ಮೆತ್ತಿದೆ. ಇನ್ನು ಬರೋ ವರ್ಷವೇ ಬರೋದು. ದಿನಾ ಬೂದಿ ತೆಗೀತಿದ್ದದ್ದು ನಾನಲ್ಲ. ತಿಮ್ಮಜ್ಜಿ. ತಿಮ್ಮಜ್ಜೀನ ಕೇಳು."

ತಿಮ್ಮಜ್ಜಿ ಯಾರು ಗೊತ್ತಾ? ಸರ್ವಮಂಗಳನ ಅತ್ತೆ. "ಅತ್ತೆ ಇಲ್ಲಿ ಮಾಡೋದೇನು? ದಿನವೆಲ್ಲ ಒಲೆ ಮುಂದೆ ಕೂತಿರ್ತಾರೆ," ಅಂದಿದ್ದಳು ಸೊಸೆ. ಮಗ ಹೂಂ ಅಂದಿದ್ದ. ಕೆರೆಯ ಆಚೆ ಮಗಳ ಮನೆಗೆ ಅಜ್ಜಿಯನ್ನು ಕಳಿಸಿಬಿಟ್ಟಿದ್ದರು. ಆ ಮಾತು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಮರಿಯನ್ನು ಕಚ್ಚಿಕೊಂಡಿತು. ಹೊರಟಿತು. ಕೆರೆ ಏರಿ ಮೇಲೆ ಕೊರೆಯುವ ಗಾಳಿ. ಮಗಳ ಮನೆಯ ಜಗಲಿಯಲ್ಲಿ ತಿಮ್ಮಜ್ಜಿ ಕೂತಿದ್ದಳು. ಮರಿಯನ್ನು ಕೆಳಗಿಟ್ಟಿತು. ಕೇಳಿತು.

"ಅಜ್ಜಿ ಅಜ್ಜಿ, ಒಲೆಯವನು ಬರಲ್ಲ, ಸೊಸೆ ಸಲಿಕೆ ಹಿಡಿಯಲ್ಲ, ಸಲಿಕೆ ಬೂದಿ ತೆಗೆಯಲ್ಲ, ಬೂದಿ ಜಾಗ ಬಿಡಲ್ಲ, ಬೆಂಕಿ ಉರಿಯಲ್ಲ, ಒಲೆ ಕಾಯಲ್ಲ, ನನ್ನ ಮರಿಗೆ ಬೆಚ್ಚಗಿಲ್ಲ. ನೀನು ಬರ್ತೀಯಾ?"

"ನಾನೂ ಬರಲ್ಲ," ಅಂದಳು ಅಜ್ಜಿ. "ನಾನೇನು ಮಾಡ್ತಿದ್ದೆ ಅಲ್ಲಿ? ಸುಮ್ಮನೆ ಕೂತಿರ್ತಿದ್ದೆ. ಹಾಗಂತ ಅವರೇ ಹೇಳಿದ್ರಲ್ಲ."

ಕರಿಮೂತಿ ಮರಿಯ ಮುಖ ನೋಡಿತು. ಮರಿ ಏನೂ ಅನ್ನಲಿಲ್ಲ.

ಅಜ್ಜಿ ಮರಿಯನ್ನು ಮುಟ್ಟಿ ನೋಡಿದಳು. ಮಂಜಿನ ಹಾಗೆ ತಣ್ಣಗಿತ್ತು. ಮಡಿಲಿಗೆ ಹಾಕಿಕೊಂಡಳು. ಎದ್ದಳು.

"ಅವರಿಗೋಸ್ಕರ ಅಲ್ಲ," ಅಂದಳು. "ಈ ಮರಿಗೋಸ್ಕರ."

ಅಜ್ಜಿ ಬಂದಳು. ಒಲೆಯವನು ದಾರಿ ಬಿಟ್ಟ. ಸೊಸೆ ಬಾಗಿಲು ತೆಗೆದಳು, ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅಜ್ಜಿ ಸಲಿಕೆ ಹಿಡಿದಳು. ಸಲಿಕೆ ಬೂದಿ ತೆಗೆಯಿತು. ಬೂದಿ ಜಾಗ ಬಿಟ್ಟಿತು. ಬೆಂಕಿ ಉರಿಯಿತು. ಒಲೆ ಕಾಯಿತು. ಮೂಲೆ ಬೆಚ್ಚಗಾಯಿತು. ಅಜ್ಜಿ ಮರಿಯನ್ನು ಮೂಲೆಯಲ್ಲಿ ಮಲಗಿಸಿದಳು. ಕರಿಮೂತಿ ನೆಕ್ಕಿತು, ನೆಕ್ಕಿತು, ನೆಕ್ಕಿತು.

"ಮಿ" ಅಂತು ಮರಿ. "ಮಿಯಾ" ಅಂತು. "ಮಿಯಾಂವ್" ಅಂತು.

ಅಜ್ಜಿಗೆ ಸೊಂಟ ನೋಯುತ್ತಿತ್ತು. ಹಾಗೇ ಒಲೆಯ ಮುಂದೆ ಕೂತಳು.

ಹಂಡೆಯಲ್ಲಿ ನೀರು ಕಾಯಿತು. ಸೊಸೆ ಬಂದು ಹಬೆ ನೋಡಿದಳು. "ಏನೂಂದ್ರೆ, ಒಲೆ ತಾನಾಗೇ ಸರಿಹೋಯ್ತು," ಅಂತ ಗಂಡನಿಗೆ ಕೂಗಿ ಹೇಳಿದಳು. ಆಮೇಲೆ ಅಜ್ಜಿಯನ್ನು ನೋಡಿದಳು.

"ನಿಮ್ಮಮ್ಮ ಬಂದ್ರು. ಬಂದವರೇ ಒಲೆ ಮುಂದೆ ಕೂತ್ರು."

ಅಜ್ಜಿಗೆ ಕೇಳಿಸಿತು. ಬೂದಿ ಮೆತ್ತಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಕರಿಮೂತಿಗೂ ಕೇಳಿಸಿತು. ಸೊಸೆಗೆ ಬೆನ್ನು ಹಾಕಿ ಅಜ್ಜಿಯ ಕಾಲ ಮೇಲೆ ಮಲಗಿತು.

ಬೆಂಕಿ ಉರೀತು, ನೀರು ಕಾಯ್ತು, ಕಥೆ ಮುಗೀತು. ಒಲೆ ತಾನಾಗೇ ಸರಿಹೋಯ್ತಾ ಮಕ್ಕಳೇ? ಸೊಸೆಗೆ ಗೊತ್ತಿಲ್ಲ. ನಿಮಗೆ ಗೊತ್ತು.