ಎಲ್ಲರ ಆಟದಲ್ಲಿ ಎರೆಹುಳು

"ಮತ್ತೆ ಬಂದೆಯಾ? ಒಂದು ಬಣ್ಣ ತುಂಬುವಷ್ಟೂ ಪುರುಸೊತ್ತು ಕೊಡುವುದಿಲ್ಲವಲ್ಲ ನೀನು!" ಎಂದು ಗೋಸುಂಬೆ ಟೀಚರ್ ಸಿಡುಕಿದಳು. ಕಾಡಿನ ಶಾಲೆಯ ಮಕ್ಕಳಿಗೆಲ್ಲ ಲೆಕ್ಕ ಕಲಿಸಲು ಅವಳು ಮೊಬೈಲಿನಲ್ಲಿ ಆಟವೊಂದನ್ನು ಮಾಡುತ್ತಿದ್ದಳು. ಅದರಲ್ಲಿ ಗೆದ್ದವರಿಗೆ ಮಾತ್ರ ಮುಂದಿನ ತರಗತಿ.

ಮಗಳನ್ನು ಕರೆದುಕೊಂಡು ಬಂದಿದ್ದ ಎರೆಹುಳು ತಾಯಿ ಹೇಳಿದಳು: "ನನ್ನ ಮಗಳಿಗೆ ಲೆಕ್ಕ ಬರುತ್ತೆ ಟೀಚರ್, ಕಣ್ಣಿಲ್ಲ ಅಷ್ಟೆ. ಕೆಂಪು ಹಣ್ಣು ಎಷ್ಟು ಅಂತ ಆಟ ಕೇಳಿದರೆ ಅವಳೇನು ಹೇಳಬೇಕು? ಹಣ್ಣು ಎಷ್ಟಿವೆಯೋ ಅಷ್ಟು ಸಲ ಮೊಬೈಲು ನಡುಗಿದರೆ ಸಾಕು, ಎಣಿಸಿಬಿಡ್ತಾಳೆ."

"ನಡುಗಿಸಿದರೆ ಬಣ್ಣದ ಅಂದ ಹಾಳಾಗುತ್ತಮ್ಮ. ನನ್ನ ಮಕ್ಕಳೆಲ್ಲ ಆಡಿ ನೋಡಿ ಚೆನ್ನಾಗಿದೆ ಅಂದಿದ್ದಾರೆ. ಆದರೂ ನಿಮ್ಮನ್ನು ಮರೆತಿಲ್ಲ. ಮೊದಲ ಪರದೆಯಲ್ಲೇ ನಿನ್ನ ಮಗಳ ಚಿತ್ರ ಹಾಕಿದ್ದೇನೆ, ದೊಡ್ಡದಾಗಿ, ನಗುತ್ತಿರುವ ಹಾಗೆ. ಮೇಲೆ 'ಎಲ್ಲರ ಆಟ' ಅಂತ ಬರೆದಿದ್ದೇನೆ. ಇನ್ನೇನು ಮಾಡಲಿ?"

ಮರಿ ಎರೆಹುಳು ಆಸೆಯಿಂದ ಪರದೆಯ ಮೇಲೆಲ್ಲ ಹರಿದಾಡಿತು. ಗಾಜು ಎಲ್ಲ ಕಡೆಯೂ ಒಂದೇ ಥರ ನುಣ್ಣಗಿತ್ತು. ಅದು ತಲೆ ಎತ್ತಿ ಕೇಳಿದ್ದಕ್ಕೆ ಗೋಸುಂಬೆಯ ಮೈಮೇಲೆ ಇದ್ದಬದ್ದ ಬಣ್ಣವೆಲ್ಲ ಬಂದು ಹೋಯಿತು.

"ಟೀಚರ್, ಆ ಚಿತ್ರದಲ್ಲಿ ನಾನು ಆಟ ಆಡ್ತಿದ್ದೀನಾ, ಇಲ್ಲ ಎಲ್ಲರೂ ಆಡಿ ಮುಗಿಸಲಿ ಅಂತ ಕಾಯ್ತಾ ಇದ್ದೀನಾ?"