ಅಮಲ್ದಾರರ ಸೊಳ್ಳೆಪರದೆ

ಸಂಜೆ ಆರು ಗಂಟೆ. ಮಳೆ ನಿಂತು ಮಂಜು ಕವಿದಿತ್ತು. ಪ್ರವಾಸಿ ಮಂದಿರದ ತೋಟದಲ್ಲಿ ಇದ್ದವರು ಮೂವರು: ಬಿಡಾರ ಹೂಡಿದ್ದ ಅಮಲ್ದಾರ ಶೇಷಗಿರಿರಾಯರು, ಅವರ ಜವಾನ, ತೋಟದ ಮಾಲಿ.

ಬೆಳಿಗ್ಗೆ ರಾಯರು ಮಾಲಿಗೆ ಅಪ್ಪಣೆ ಮಾಡಿದ್ದರು: "ಮಳೆನೀರಿನ ಮೂರು ಪೀಪಾಯಿಗಳಿಗೂ ಸೀಮೆಎಣ್ಣೆ ಸುರಿ. ಸಂಜೆ ಒಂದು ಸೊಳ್ಳೆ ನನ್ನನ್ನು ಕಚ್ಚಿದರೂ ನಿನ್ನ ಕೆಲಸ ಹೋಯಿತು." ತೋಟದ ಪಿಕಳಾರ ಹಕ್ಕಿಗಳು, ಅಳಿಲುಗಳು ಕುಡಿಯುತ್ತಿದ್ದುದು ಆ ನೀರನ್ನೇ. ಎಣ್ಣೆ ಬಿದ್ದರೆ ಅವುಗಳಿಗೆ ಸಾವು. ಆದರೂ ಮಾಲಿ ಎದುರಾಡಲಿಲ್ಲ. "ಅಪ್ಪಣೆ, ಬುದ್ಧೀ" ಎಂದಿದ್ದ.

ಈಗ ರಾಯರು ತಪಾಸಣೆಗೆ ಇಳಿದರು. ಮಂಜಿನಲ್ಲಿ ಮೂರು ಬಿಳಿಯ ಆಕೃತಿಗಳು ನಿಂತಿದ್ದವು. ತಲೆಯಿಂದ ಬುಡದವರೆಗೆ ಮುಸುಕು, ನಡುವಿಗೆ ಹಗ್ಗ. ಒಳಗಿನಿಂದ ಸಣ್ಣಗೆ, ಎಡೆಬಿಡದೆ, ಯಾರೋ ಅಳುವಂಥ ದನಿ. ಜವಾನ ಮುಂದಕ್ಕೆ ಹೆಜ್ಜೆ ಎತ್ತಲಿಲ್ಲ. ರಾಯರೇ ಕೂಗಿದರು:

"ಯಾರೋ ಅದು?"

"ಪೀಪಾಯೀಲಿ ಇವತ್ತು ಹುಟ್ಟಿದ ಸೊಳ್ಳೆಗಳು, ಬುದ್ಧೀ. ಹೊರಗೆ ಬರೋ ದಾರಿ ಹುಡುಕ್ತಾವೆ. ಸಿಗಾಕಿಲ್ಲ" ಎಂದ ಮಾಲಿ.

"ಎಣ್ಣೆ ಎಲ್ಲಿ?"

"ಡಬ್ಬಿಯಲ್ಲೇ ಐತೆ. ಹಕ್ಕಿಗಳಿಗೆ ಮಣ್ಣಿನ ತಟ್ಟೇಲಿ ದಿನಾ ಹೊಸ ನೀರು ಇಡ್ತೀನಿ."

ರಾಯರು ಮುಸುಕನ್ನು ಮುಟ್ಟಿ ನೋಡಿದರು. ಅಂಚಿನಲ್ಲಿ ತಮ್ಮದೇ ಹೆಸರಿನ ಮೊದಲಕ್ಷರದ ಕಸೂತಿ.

"ಇದು ನನ್ನ ಹಾಸಿಗೆಯ ಪರದೆ!"

"ಹೌದು, ಬುದ್ಧೀ. ಮೂರು ತುಂಡು ಮಾಡಿ ಕಟ್ಟಿದೀನಿ. ಇಷ್ಟು ದಿನ ತಾವು ಒಳಗೆ, ಅವು ಹೊರಗೆ. ಇವತ್ತು ಅವು ಒಳಗೆ, ತಾವು ಹೊರಗೆ."

ರಾಯರು ಕೈ ನೋಡಿಕೊಂಡರು, ಕತ್ತು ಸವರಿಕೊಂಡರು. ಒಂದು ಸೊಳ್ಳೆಯೂ ಕೂತಿರಲಿಲ್ಲ. ಮುಸುಕಿನೊಳಗಿನ ದನಿ ಮಾತ್ರ ಏರುತ್ತಲೇ ಇತ್ತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಗಂಟಲು ಸರಿಮಾಡಿಕೊಂಡು, ತೀರ್ಪು ಕೊಟ್ಟರು:

"ಎಣ್ಣೆ ವಾಪಸು ಕಳಿಸು. ಪರದೆ ಇಲ್ಲೇ ಇರಲಿ. ಆದರೆ ಆ ಹಗ್ಗವನ್ನು ಇನ್ನೊಂದು ಸುತ್ತು ಬಿಗಿಯಾಗಿ ಕಟ್ಟು!"