ಪಿಟೀಲುಗಾರ ತಡಮಾಡಿದ ಮಾತು

ಶಿಷ್ಯ ಚೆನ್ನವೀರ ಕೇಳಿದ: "ಗುರುಗಳೇ, ಸತ್ಯವನ್ನು ಇಂದು ಹೇಳಿದರೇನು, ನಾಳೆ ಹೇಳಿದರೇನು? ಯಾವಾಗ ಹೇಳಿದರೂ ಅದು ಸತ್ಯವೇ ಅಲ್ಲವೇ? ಸಮಯ ನೋಡಿ ಹೇಳಿದರೆ ತಪ್ಪೇನು?"

ಗುರುಗಳು ಅವನ ಮುಖವನ್ನು ನೋಡಿದರು. ಯಾರಿಗೋ ಹೇಳಬೇಕಾದ ಮಾತೊಂದನ್ನು ಅವನು ಒಳಗೇ ಇಟ್ಟುಕೊಂಡಿದ್ದಾನೆ ಎಂದು ಅವರಿಗೆ ತಿಳಿಯಿತು. ಅದೇನೆಂದು ವಿಚಾರಿಸಲಿಲ್ಲ. ಒಂದು ಕತೆ ಹೇಳಿದರು.

ಕಡಲ ತೀರದ ಒಂದು ಪಟ್ಟಣದಲ್ಲಿ ಒಬ್ಬ ಪಿಟೀಲುಗಾರನಿದ್ದ. ಬಹಳ ಹಿಂದೆ ಹಡಗಿನಲ್ಲಿ ಬಂದ ಪಾದ್ರಿಗಳು ಆ ಪಟ್ಟಣಕ್ಕೆ ತಮ್ಮ ದೇಶದ ಸಂಗೀತವನ್ನೂ ತಂದಿದ್ದರು. ಅವರು ಹೋದ ಮೇಲೂ ಸಂಗೀತ ಉಳಿದುಕೊಂಡಿತು. ಪಿಟೀಲು ನುಡಿಸುವವರು, ಆಳೆತ್ತರದ ಪಿಟೀಲನ್ನು ನಿಲ್ಲಿಸಿಕೊಂಡು ನುಡಿಸುವವರು, ಕೀಲಿಮಣೆಯ ಮುಂದೆ ಕೂರುವ ಒಬ್ಬ, ಎಲ್ಲ ಸೇರಿ ಒಂದು ಚಿಕ್ಕ ಮೇಳವಾಗಿತ್ತು. ಎದುರು ನಿಂತು ಕೋಲು ಬೀಸಿ ನಡೆಸುವವರು ಆ ಮೇಳಕ್ಕೆ ಇರಲಿಲ್ಲ. ಮೊದಲ ಕುರ್ಚಿಯ ಪಿಟೀಲುಗಾರನೇ ಅದರ ನಾಯಕ. ಅವನು ಕಮಾನು ಎತ್ತಿದರೆ ಎಲ್ಲರೂ ಎತ್ತುತ್ತಿದ್ದರು. ಮುನ್ನೂರು ವರ್ಷ ಹಳೆಯ ಕೃತಿಗಳನ್ನು ಅವನಂತೆ ನುಡಿಸುವವರು ಇನ್ನೊಬ್ಬರಿಲ್ಲ ಎಂದು ಊರಿನ ಜನ ಹೇಳುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ವಯಸ್ಸಾಗುತ್ತಾ ಅವನ ಕಿವಿ ಮಂದವಾಯಿತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಹಕ್ಕಿಯ ಕೂಗು ಹೋಯಿತು. ಹೆಂಡತಿ ಬಳೆ ಸರಿಸಿಕೊಳ್ಳುವ ಸದ್ದು ಹೋಯಿತು. ಹತ್ತಿರ ಕುಳಿತು ಗಟ್ಟಿಯಾಗಿ ಮಾತನಾಡಿದರೆ ಮಾತ್ರ ತಿಳಿಯುತ್ತಿತ್ತು. ಅವನು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲ ಕುರ್ಚಿ ಹೋಗುತ್ತದೆ. ಆ ಕುರ್ಚಿ ಹೋದ ಮೇಲೆ ತಾನು ಏನು ಎಂಬುದು ಅವನಿಗೆ ತೋಚುತ್ತಿರಲಿಲ್ಲ. ಹಳೆಯ ಕೃತಿಗಳು ಅವನ ಬೆರಳುಗಳಲ್ಲೇ ಇದ್ದವು. ಅವುಗಳ ನಡೆ ಗಡಿಯಾರದಷ್ಟು ನಿಶ್ಚಿತ. ಕಿವಿಗೆ ಕೇಳದಿದ್ದರೂ ಕೈ ದಾರಿ ತಪ್ಪುತ್ತಿರಲಿಲ್ಲ. ಹೀಗಾಗಿ ಯಾರಿಗೂ ಗುಮಾನಿ ಬರಲಿಲ್ಲ.

ಒಂದು ವರ್ಷ ಸಂಗೀತ ಸಭೆಯವರು ಹೊಸ ಬಗೆಯ ಕಛೇರಿಯೊಂದನ್ನು ಏರ್ಪಡಿಸಿದರು. ಮೊದಲು ಹಳೆಯ ಕೃತಿ, ಅದರ ಬೆನ್ನಿಗೇ ಈಗಿನ ಕಾಲದ ಕೃತಿ. ಎರಡರಲ್ಲೂ ಮುಖ್ಯ ಪಿಟೀಲು ಅವನದೇ. ಹೊಸ ಕೃತಿಯನ್ನು ಬರೆದವಳು ಅದೇ ಊರಿನ ಒಬ್ಬ ಹೆಣ್ಣುಮಗಳು. ಚಿಕ್ಕವಳಿದ್ದಾಗ ಅವನ ಹತ್ತಿರವೇ ಕಮಾನು ಹಿಡಿಯಲು ಕಲಿತವಳು. ಸ್ವರ ಬರೆಯುವುದನ್ನು ತಾನೇ ಕಲಿತುಕೊಂಡು, ಹಲವು ವರ್ಷ ಕುಳಿತು ಆ ಕೃತಿಯನ್ನು ರಚಿಸಿದ್ದಳು. ಅದನ್ನು ತಂದು ಅವನ ಕೈಗೆ ಕೊಡುವಾಗ, "ನಿಮ್ಮ ಕೈಯನ್ನು ನೆನೆದುಕೊಂಡೇ ಬರೆದೆ, ಮೇಷ್ಟ್ರೇ" ಎಂದಿದ್ದಳು.

ಆ ಕೃತಿಯಲ್ಲಿ ಎಣಿಸಿಕೊಂಡು ಹೋಗಲು ತಾಳವಿರಲಿಲ್ಲ. ಎರಡನೆಯ ಪಿಟೀಲಿನವಳು ಒಂದೇ ಸಣ್ಣ ಸ್ವರವನ್ನು ಎಳೆದು ಹಿಡಿಯಬೇಕು. ಅದು ಬಹಳ ಹೊತ್ತು ನಿಂತು, ತುಸು ಬಾಗಬೇಕು. ಬಾಗಿದ ಗಳಿಗೆಯಲ್ಲಿ ಮುಖ್ಯ ಪಿಟೀಲು ಒಳಗೆ ಬರಬೇಕು. ಮುಂದೆಯೂ ಹಾಗೆಯೇ. ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಎಲ್ಲರೂ ನಡೆಯಬೇಕು.

ಅಭ್ಯಾಸದ ದಿನಗಳಲ್ಲಿ ಪಿಟೀಲುಗಾರ ಎರಡನೆಯ ಪಿಟೀಲಿನವಳನ್ನು ತನ್ನ ಎದುರಿಗೇ ಕೂರಿಸಿಕೊಂಡ. ಅವಳ ಬೆರಳನ್ನು ನೋಡುತ್ತಿದ್ದ. ಬೆರಳು ಸರಿದರೆ ಸ್ವರ ಬಾಗಿತು ಎಂದು ಲೆಕ್ಕ. ಹೀಗೆ ಕಣ್ಣಿನಿಂದಲೇ ಕೆಲಸ ಸಾಗಿಸಿದ. ಕೃತಿ ಚೆನ್ನಾಗಿ ಕೂಡಿಬಂತು. ಬರೆದವಳು ಮೂಲೆಯಲ್ಲಿ ಕುಳಿತು ಕೇಳಿ ಕಣ್ಣು ಒರೆಸಿಕೊಂಡಳು.

ಕಛೇರಿಯ ಸಂಜೆ ಅವನು ವೇದಿಕೆಗೆ ಬಂದಾಗ ಕುರ್ಚಿಗಳು ಬೇರೆ ರೀತಿ ಇದ್ದವು. ಗಣ್ಯರಿಗೆ ಎಲ್ಲರ ಮುಖ ಕಾಣಲಿ ಎಂದು ಸಭೆಯವರು ಅವನ್ನು ಸಭಿಕರ ಕಡೆಗೆ ತಿರುಗಿಸಿದ್ದರು. ಎರಡನೆಯ ಪಿಟೀಲಿನವಳ ಕುರ್ಚಿ ಅವನ ಬೆನ್ನ ಹಿಂದೆ ಹೋಗಿತ್ತು. ಮೊದಲಿನಂತೆ ಇಡಿ ಎಂದು ಅವನು ಹೇಳಬಹುದಿತ್ತು. ಯಾಕೆ ಎಂದು ಕೇಳುತ್ತಾರೆ ಎಂದು ಅಂಜಿದ. ಸುಮ್ಮನೆ ಹೋಗಿ ಕುಳಿತ.

ಹಳೆಯ ಕೃತಿ ಎಂದಿನಂತೆ ನಡೆಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ತಲೆಬಾಗಿ ಮತ್ತೆ ಕುಳಿತ. 

ಹೊಸ ಕೃತಿ ಆರಂಭವಾಯಿತು. ಆರಂಭವಾಗಿರಬೇಕು ಎಂದು ಅವನು ಸಭಿಕರ ಮುಖ ನೋಡಿ ತಿಳಿದುಕೊಂಡ. ಬೆನ್ನ ಹಿಂದಿನಿಂದ ಅವನಿಗೆ ಏನೂ ಕೇಳಿಸಲಿಲ್ಲ. ಅವನು ಕಾದ. ಇನ್ನೂ ಕಾದ. ಕಾಯುವುದು ಹೆಚ್ಚಾಯಿತೇನೋ ಎಂದು ಭಯವಾಗಿ ಕಮಾನು ಎಳೆದ. ಸ್ವರ ಇನ್ನೂ ಬಾಗಿರಲಿಲ್ಲ. ಅವನು ಬಂದನೆಂದು ಕೆಲವರು ಅವನ ಹಿಂದೆ ಬಂದರು. ಕೆಲವರು ಕಾಗದದಲ್ಲಿ ಬರೆದಂತೆ ಸ್ವರ ಬಾಗಲೆಂದು ಕಾದರು. ಎರಡೂ ಗುಂಪಿನವರು ಗಾಬರಿಯಾದರು. ಅಲ್ಲಿಂದ ಮುಂದೆ ಯಾರು ಎಲ್ಲಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಸುಮ್ಮನಿರಬೇಕಾದ ಒಂದು ಜಾಗದಲ್ಲಿ ಅವನೊಬ್ಬನ ಪಿಟೀಲು ಕೂಗುತ್ತಿತ್ತು. ಸಭೆಯಲ್ಲಿ ಯಾರೋ ನಕ್ಕರು. ನಗು ಅವನಿಗೆ ಕೇಳಲಿಲ್ಲ. ಕಾಣಿಸಿತು.

ಮುಗಿದ ಮೇಲೆ ಸಭೆಯ ಅಧ್ಯಕ್ಷರು ವೇದಿಕೆಯ ಹಿಂದಿನ ಕೋಣೆಗೆ ಬಂದರು. ಅವನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು: "ಹಳೆಯದರ ಪಕ್ಕದಲ್ಲಿ ಇದನ್ನು ಇಡಲೇಬಾರದಿತ್ತು. ತಲೆಬುಡ ಇಲ್ಲದ್ದನ್ನು ಕೊಟ್ಟರೆ ಪಾಪ, ನೀವು ತಾನೇ ಏನು ಮಾಡುತ್ತೀರಿ!"

ಪಿಟೀಲುಗಾರ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪಿಟೀಲನ್ನು ಬಟ್ಟೆಯಲ್ಲಿ ಒರೆಸುತ್ತಾ ಕುಳಿತ. ಮೇಳದವರು ನೆಲ ನೋಡುತ್ತಿದ್ದರು.

ಮೇಳದವರೆಲ್ಲ ಹೊರಟ ಮೇಲೆ, ಕೃತಿ ಬರೆದ ಹೆಣ್ಣುಮಗಳು ಹತ್ತಿರ ಬಂದು ನಿಂತಳು. 

"ಮೇಷ್ಟ್ರೇ, ಬೇರೆಯವರ ಮಾತು ನನಗೆ ಬೇಡ. ನೀವು ಹೇಳಿ. ನಾನು ಬರೆದದ್ದರಲ್ಲೇ ತಪ್ಪಿತ್ತೇ?"

ಅವಳು ಹತ್ತಿರವಿದ್ದಳು. ಮಾತು ಅವನಿಗೆ ಪೂರ್ತಿ ಕೇಳಿಸಿತು. ಉತ್ತರವೂ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಬಳಿ ಅಧ್ಯಕ್ಷರು ಇನ್ನೂ ನಿಂತಿರುವುದು ಕಾಣಿಸಿತು.

"ಈಗ ದಣಿದಿದ್ದೇನಮ್ಮ. ನಾಳೆ ಮಾತಾಡೋಣ" ಎಂದ.

 ತಪ್ಪಿತ್ತು ಎಂದು ಹೇಳಲು ಅವನು ಸಂಕೋಚಪಡುತ್ತಿದ್ದಾನೆ ಎಂದು ಅವಳು ತಿಳಿದಳು. ತಲೆಯಾಡಿಸಿ ಹೊರಟುಹೋದಳು.

ಮರುದಿನ ಅವನು ಹೋಗಲಿಲ್ಲ. ಆ ವಾರ ಇನ್ನೊಂದು ಕಛೇರಿ ಇತ್ತು, ಅದು ಮುಗಿಯಲಿ ಎಂದುಕೊಂಡ. ಅದು ಮುಗಿದ ಮೇಲೆ ಹಬ್ಬ ಬಂತು, ಹಬ್ಬದಲ್ಲಿ ಇಂಥ ಮಾತು ಯಾಕೆ ಎಂದುಕೊಂಡ. ಅಷ್ಟರಲ್ಲಿ ಅವಳು ಊರು ಬಿಟ್ಟಳು ಎಂಬ ಸುದ್ದಿ ಬಂತು. ಬರೆದದ್ದನ್ನೆಲ್ಲ ಒಲೆಗೆ ಹಾಕಿದಳಂತೆ, ಪಿಟೀಲನ್ನು ಯಾರಿಗೋ ಕೊಟ್ಟುಬಿಟ್ಟಳಂತೆ ಎಂದರು. ಆ ರಾತ್ರಿ ಅವನು ಊಟ ಮಾಡಲಿಲ್ಲ. ಹೆಂಡತಿ ಯಾಕೆ ಎಂದಳು. ಅವನಿಗೆ ಕೇಳಿಸಲಿಲ್ಲ.

ವರ್ಷಗಳು ಕಳೆದವು, ಅವನ ಕಿವಿ ಪೂರ್ತಿಯಾಗಿಯೇ ಹೋಯಿತು. ಒಂದು ದಿನ ಹಳೆಯ ಕೃತಿಯೊಂದರಲ್ಲೇ ಎಲ್ಲರೂ ನಿಲ್ಲಿಸಿದ ಮೇಲೂ ಅವನು ನುಡಿಸುತ್ತಲೇ ಇದ್ದ. ಆಗ ಮೇಳದವರಿಗೆ ವಿಷಯ ತಿಳಿಯಿತು. ಯಾರೂ ಅವನನ್ನು ಬೈಯಲಿಲ್ಲ. ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳುಹಿಸಿಕೊಟ್ಟರು. ಅವನು ಅಷ್ಟು ದಿನ ಅಂಜಿದ್ದು ಹೀಗೆ ಮುಗಿದುಹೋಯಿತು. ಬಹಳ ಹಿಂದಿನ ಆ ಸಂಜೆಯನ್ನು ಯಾರೂ ನೆನೆಯಲಿಲ್ಲ. ಅವನಿಗೆ ಮಾತ್ರ ಬೇರೇನೂ ನೆನಪಾಗುತ್ತಿರಲಿಲ್ಲ. ಈಗ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲವಾದ್ದರಿಂದ, ಅವಳು ಎಲ್ಲಿದ್ದಾಳೆಂದು ಅವರಿವರಿಂದ ಬರೆಸಿಕೊಂಡು ಬಸ್ಸು ಹತ್ತಿದ.

ಅವಳು ಇನ್ನೊಂದು ಊರಿನ ಪೇಟೆಯಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅವನನ್ನು ಗುರುತಿಸಿ ಎದ್ದು ನಿಂತು, ಕೂರಲು ಸ್ಟೂಲು ಕೊಟ್ಟಳು. ಅವನು ಕೂರಲಿಲ್ಲ.

"ನಿನ್ನ ಕೃತಿಯಲ್ಲಿ ತಪ್ಪಿರಲಿಲ್ಲ ಮಗಳೇ. ಆಗಲೇ ನನ್ನ ಕಿವಿ ಹೋಗಿತ್ತು. ನಿನ್ನ ಸ್ವರ ನನಗೆ ಕೇಳಿಸಲಿಲ್ಲ. ಕೆಡಿಸಿದವನು ನಾನು" ಎಂದ.

ಕಿವುಡರು ಮಾತನಾಡುವಂತೆ ಬಹಳ ಗಟ್ಟಿಯಾಗಿ ಹೇಳಿದ್ದ. ಅಂಗಡಿಗೆ ಬಂದಿದ್ದ ಹೆಂಗಸರು ತಿರುಗಿ ನೋಡಿದರು.

ಅವಳು ಯಂತ್ರದ ಮೇಲೆ ಕೈಯೂರಿ ನಿಂತಳು. ಅವನನ್ನೇ ನೋಡಿದಳು. ಆಮೇಲೆ ಮಾತನಾಡಿದಳು. ಒಂದೆರಡು ಮಾತಲ್ಲ. ಅವಳ ತುಟಿಗಳು ಅಲುಗಿದವು, ನಿಂತವು, ಮತ್ತೆ ಅಲುಗಿದವು. ಕಣ್ಣಿನಲ್ಲಿ ನೀರು ಬಂತು. ಅದು ಕೋಪದ್ದೋ ಸಮಾಧಾನದ್ದೋ ಅವನಿಗೆ ತಿಳಿಯಲಿಲ್ಲ. ಒಂದು ಅಕ್ಷರವೂ ಅವನ ಕಿವಿಗೆ ಬೀಳಲಿಲ್ಲ.

"ಕೇಳಿಸಲಿಲ್ಲ ತಾಯಿ. ಇನ್ನೊಮ್ಮೆ ಹೇಳು" ಎಂದು ಕೈಮುಗಿದ.

ಅವಳು ಇನ್ನೊಮ್ಮೆ ಹೇಳಲಿಲ್ಲ. ಕುಳಿತು ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು. ಅವನು ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದು, ಬಸ್ಸಿನ ಹೊತ್ತಾದಾಗ ಹಿಂದಿರುಗಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.   ಚೆನ್ನವೀರನಿಗೆ ತಡೆಯಲಾಗಲಿಲ್ಲ.

"ಅವಳು ಹೇಳಿದ್ದೇನು, ಗುರುಗಳೇ? ಕ್ಷಮಿಸಿದಳೇ, ಶಪಿಸಿದಳೇ?"

ಗುರುಗಳು ಹೇಳಿದರು: "ಅವನೂ ಸಾಯುವವರೆಗೆ ಅದನ್ನೇ ಕೇಳುತ್ತಿದ್ದ."